ನಿದ್ದೆ ಇಂಜೆಕ್ಷನ್ ಕೊಡುವುದಿಲ್ಲ ಎಂದರೆ ನನ್ನ ತಂದೆ ಆಪರೇಷನ್ ಹೇಗೆ ತಡೆದುಕೊಳ್ಳುತ್ತಾರೆ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ನನ್ನ ತಂದೆಗೆ 74 ವರ್ಷ. ತೊಡೆಸಂದಿನ ಹರ್ನಿಯಾಗೆ ಹಾಸನದ ಒಂದು ಆಸ್ಪತ್ರೆಯಲ್ಲಿ ಮುಂದಿನ ತಿಂಗಳು ಆಪರೇಷನ್ ಗೊತ್ತಾಗಿದೆ. ಹಲವು ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಅವರಿಗೆ ಪ್ರಾಸ್ಟೇಟ್ ಆಪರೇಷನ್ ಆದಾಗ ಹಿಂದಿನ ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅವರಿಗೆ ಒಳಗೆ ನಡೆದದ್ದು ಏನೂ ನೆನಪಿಲ್ಲ. ಈ ಸಲ ಅರಿವಳಿಕೆ ವೈದ್ಯರು, 65 ದಾಟಿದವರಿಗೆ ಆ ಔಷಧವನ್ನು ವಾಡಿಕೆಯಂತೆ ಕೊಡಬಾರದೆಂದು ತಮ್ಮ ಆಸ್ಪತ್ರೆಯ ಮಾರ್ಗಸೂಚಿಯಲ್ಲಿದೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ ಎಂದರು. ಎಚ್ಚರ ಇರುತ್ತದೆ ಎಂದರೆ ಆಪರೇಷನ್ನೇ ಬೇಡ ಎಂದು ತಂದೆ ಪಟ್ಟು ಹಿಡಿದಿದ್ದಾರೆ. ಖರ್ಚು ಉಳಿಸಲು ಹೀಗೆ ಮಾಡುತ್ತಾರೆ ಎಂದು ಕೆಲವರು, ಸರ್ಕಾರ ಆ ಔಷಧವನ್ನೇ ನಿಷೇಧಿಸಿದೆ ಎಂದು ಕೆಲವರು ಹೇಳುತ್ತಾರೆ. ಇನ್ನೊಂದು ಕಡೆ, ಹೋದ ವರ್ಷ ಸೊಂಟದ ಮೂಳೆ ಮುರಿದು ಆಪರೇಷನ್ ಆದ ನನ್ನ ದೊಡ್ಡಮ್ಮ ಎರಡು ರಾತ್ರಿ ಯಾರನ್ನೂ ಗುರುತಿಸದೆ ಕೂಗಾಡಿದರು. ಅದು ಮಂಪರಿನ ಔಷಧದಿಂದಲೇ ಆಯಿತು ಎಂಬ ಮಾತಿದೆ. ತಂದೆಯವರು ಆರು ವರ್ಷಗಳಿಂದ ರಾತ್ರಿ ನಿದ್ದೆಗೆಂದು 0.5 ಮಿಲಿಗ್ರಾಂ ಆಲ್ಪ್ರಜೋಲಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹೇಳಿದರೆ ಆಪರೇಷನ್ ಮುಂದೂಡುತ್ತಾರೆಂದು ಆಸ್ಪತ್ರೆಯಲ್ಲಿ ಹೇಳಿಲ್ಲ. ಅದನ್ನು ಈಗಲೇ ನಿಲ್ಲಿಸಿಬಿಡಬೇಕೆ? ಮಂಗಳೂರಿಗೆ ಕರೆದುಕೊಂಡು ಹೋಗುವುದು ಒಳ್ಳೆಯದೆ?

ಉತ್ತರ: ಪತ್ರದ ಕೊನೆಯಲ್ಲಿರುವ ಮಾತ್ರೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಅದು ತುರ್ತಿನದು. ಆರು ವರ್ಷಗಳಿಂದ ಪ್ರತಿ ರಾತ್ರಿ ತೆಗೆದುಕೊಳ್ಳುತ್ತಿರುವ ಆಲ್ಪ್ರಜೋಲಮ್ ಅನ್ನು ಆಪರೇಷನ್ ಹತ್ತಿರ ಬಂತೆಂದು ಒಮ್ಮೆಲೇ ನಿಲ್ಲಿಸಬೇಡಿ. ಇಷ್ಟು ವರ್ಷಗಳಲ್ಲಿ ಮಿದುಳು ಆ ಔಷಧಕ್ಕೆ ಒಗ್ಗಿಹೋಗಿರುತ್ತದೆ. ಅದು ಇದ್ದಕ್ಕಿದ್ದಂತೆ ಇಲ್ಲವಾದರೆ ಒಂದೆರಡು ದಿನಗಳಲ್ಲೇ ನಿದ್ದೆಗೇಡು, ಕೈನಡುಕ, ಬೆವರು, ಎದೆಬಡಿತ, ವಿಪರೀತ ಗಾಬರಿ ಶುರುವಾಗಬಹುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಆಪರೇಷನ್ ಆದ ಮರುದಿನ ಈ ಲಕ್ಷಣಗಳು ಕಂಡರೆ, ಮಾತ್ರೆಯ ವಿಷಯವೇ ತಿಳಿಯದ ವೈದ್ಯರು ಸೋಂಕನ್ನೋ ಹೃದಯದ ತೊಂದರೆಯನ್ನೋ ಹುಡುಕುತ್ತಾ ಅಮೂಲ್ಯವಾದ ಹೊತ್ತನ್ನು ಕಳೆದುಕೊಳ್ಳುತ್ತಾರೆ.

ಮುಚ್ಚಿಡುವುದರಿಂದ ಇನ್ನೊಂದು ಅಪಾಯವಿದೆ. ಆಲ್ಪ್ರಜೋಲಮ್, ಡಯಜೆಪಾಮ್, ಲೊರಾಜೆಪಾಮ್ ಹಾಗೂ ಆಪರೇಷನ್ ಥಿಯೇಟರಿನಲ್ಲಿ ಮಂಪರಿಗೆಂದು ನಾವು ಬಳಸುವ ಮಿಡಾಜೋಲಮ್ ಇಂಜೆಕ್ಷನ್ ಇವೆಲ್ಲ ಬೆಂಜೋಡಯಜೆಪೀನ್ ಎಂಬ ಒಂದೇ ಗುಂಪಿಗೆ ಸೇರಿದವು. ಈ ಗುಂಪಿನ ಔಷಧ ಹೆಚ್ಚಾಗಿ ಉಸಿರಾಟ ಕುಗ್ಗಿದರೆ ಅದನ್ನು ಹಿಂದಿರುಗಿಸಲು ಫ್ಲುಮಜೆನಿಲ್ ಎಂಬ ಇಂಜೆಕ್ಷನ್ ಇದೆ, ಆದರೆ ವರ್ಷಗಟ್ಟಲೆ ಈ ಮಾತ್ರೆಗಳನ್ನು ನುಂಗಿದವರಿಗೆ ಅದನ್ನು ಕೊಟ್ಟರೆ ಫಿಟ್ಸ್ ಬರುವ ಸಂಭವವಿರುತ್ತದೆ. ನಿಮ್ಮ ತಂದೆಯವರ ವಿಷಯದಲ್ಲಿ ಆ ಇಂಜೆಕ್ಷನ್ ಕೈಗೆತ್ತಿಕೊಳ್ಳುವ ಮುನ್ನ ವೈದ್ಯರು ಎರಡು ಸಲ ಯೋಚಿಸಬೇಕಾದರೆ ಈ ಸಂಗತಿ ಅವರ ಕಾಗದದ ಮೇಲೆ ಇರಲೇಬೇಕು. ಹೇಳಿದ ಮಾತ್ರಕ್ಕೆ ಆಪರೇಷನ್ ಮುಂದೆ ಹೋಗುವುದಿಲ್ಲ. ಸಾಮಾನ್ಯವಾಗಿ ನಾವು ರಾತ್ರಿಯ ಮಾತ್ರೆಯನ್ನು ಅದೇ ಪ್ರಮಾಣದಲ್ಲಿ, ಆಪರೇಷನ್ನಿನ ಹಿಂದಿನ ರಾತ್ರಿಯೂ ಸೇರಿದಂತೆ, ಮುಂದುವರಿಸಲು ಹೇಳುತ್ತೇವೆ. ಹೆಸರು ತಪ್ಪಾಗಬಾರದು ಎಂಬ ಕಾರಣಕ್ಕೆ ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಬಿ.ಪಿ. ಮಾತ್ರೆಗಳಿದ್ದರೆ ಅವನ್ನೂ ಜೊತೆಗಿಟ್ಟುಕೊಳ್ಳಿ.

ಈಗ ನಿಮ್ಮ ಮುಖ್ಯ ಆತಂಕಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಔಷಧ ಕೊಡದಿದ್ದರೆ ತಂದೆ ಹೆದರಿ ಹಿಂದೆ ಸರಿಯುತ್ತಾರೆ, ಕೊಟ್ಟರೆ ದೊಡ್ಡಮ್ಮನಿಗಾದಂತೆ ಆಗಬಹುದು. ಈ ಇಕ್ಕಟ್ಟಿನ ನಡುವೆ ಆಸ್ಪತ್ರೆಯ ಮಾರ್ಗಸೂಚಿ ಎಂಬುದು ತಂದೆಯವರ ಪರವಾಗಿದೆಯೋ ವಿರುದ್ಧವಾಗಿದೆಯೋ ನಿಮಗೆ ತಿಳಿಯುತ್ತಿಲ್ಲ.

ಕಿವಿಗೆ ಬಿದ್ದ ಮಾತುಗಳಲ್ಲಿ ಕೆಲವನ್ನು ಬೇಗ ಬದಿಗಿಡಬಹುದು. ಖರ್ಚು ಉಳಿಸುವುದು ಕಾರಣವಲ್ಲ. ಥಿಯೇಟರಿನಲ್ಲಿ ಬಳಸುವ ಔಷಧಗಳಲ್ಲಿ ಮಿಡಾಜೋಲಮ್ ಅಗ್ಗವಾದವುಗಳ ಸಾಲಿಗೆ ಸೇರುತ್ತದೆ, ಅದರ ಬದಲಿಗೆ ಬಳಸುವ ಕೆಲವು ಔಷಧಗಳೇ ಹೆಚ್ಚು ದುಬಾರಿ. ನಿಷೇಧದ ಮಾತೂ ನಿಜವಲ್ಲ. ಭಾರತದ ಅತ್ಯಾವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮಿಡಾಜೋಲಮ್ ಇದೆ. ಈ ವದಂತಿಗೆ ಬಹುಶಃ ಮೂಲವಾಗಿರುವುದು ಬೇರೊಂದು ನಿಯಮ: 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಔಷಧ ನಿಯಮಗಳ ಎಚ್-1 ಅನುಸೂಚಿಯ ಪ್ರಕಾರ ಆಲ್ಪ್ರಜೋಲಮ್, ಡಯಜೆಪಾಮ್, ಮಿಡಾಜೋಲಮ್ ಮುಂತಾದವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದಾಗ ಚೀಟಿ ಬರೆದ ವೈದ್ಯರ ಮತ್ತು ರೋಗಿಯ ವಿವರಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅದು ಔಷಧದ ಅಂಗಡಿಗೆ ಸಂಬಂಧಿಸಿದ ಕಾನೂನು. ನಿಮ್ಮ ವೈದ್ಯರು ಹೇಳಿದ ಮಾರ್ಗಸೂಚಿ ಆಸ್ಪತ್ರೆಯ ಒಳಗಿನ ವೃತ್ತಿಪರ ತೀರ್ಮಾನ.

ನಿಮ್ಮ ತಂದೆಯವರು ಮನಸ್ಸಿಗೆ ಹಚ್ಚಿಕೊಂಡಿರುವ ತಪ್ಪು ಕಲ್ಪನೆಯೊಂದಿದೆ, ಅದನ್ನು ಬಿಡಿಸಿ ಹೇಳಬೇಕು. ಮಂಪರಿನ ಔಷಧವೇ ನೋವನ್ನು ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮಿಡಾಜೋಲಮ್ ನೋವನ್ನು ತಡೆಯುವುದಿಲ್ಲ. ಅದು ಗಾಬರಿಯನ್ನು ತಗ್ಗಿಸುತ್ತದೆ, ತೂಕಡಿಕೆ ತರುತ್ತದೆ, ಕೊಟ್ಟ ನಂತರ ನಡೆದದ್ದು ನೆನಪಿನಲ್ಲಿ ಉಳಿಯದಂತೆ ಮಾಡುತ್ತದೆ. ಹಿಂದಿನ ಆಪರೇಷನ್ನಿನಲ್ಲಿ ಅವರು ಪೂರ್ತಿ ನಿದ್ದೆಯಲ್ಲಿದ್ದರು ಎಂದು ಹೇಳಲಾಗದು. ಆಗಾಗ ಮಾತನಾಡಿಯೂ ಇರಬಹುದು, ನೆನಪು ಮಾತ್ರ ಉಳಿದಿಲ್ಲ. ನೋವನ್ನು ತಡೆಯುವ ಕೆಲಸ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನದು, ಅದು ಸರಿಯಾಗಿ ಹಿಡಿದಿದೆಯೇ ಎಂದು ಪರೀಕ್ಷಿಸಿ ನೋಡದೆ ಶಸ್ತ್ರಚಿಕಿತ್ಸಕರು ಕೈ ಹಾಕುವುದಿಲ್ಲ. ಅಷ್ಟೇ ಅಲ್ಲದೆ, ಸೊಂಟದ ಕೆಳಗಿನ ಭಾಗದಿಂದ ಮಿದುಳಿಗೆ ಸಂದೇಶಗಳು ನಿಂತಾಗ ಬೇರೆ ಯಾವ ಔಷಧವಿಲ್ಲದೆಯೂ ಹಲವರು, ಅದರಲ್ಲೂ ವಯಸ್ಸಾದವರು, ತಾವಾಗಿಯೇ ತೂಕಡಿಸುತ್ತಾರೆ.

ಹಾಗಿದ್ದರೆ ಹಿಂದೆ ಎಲ್ಲರಿಗೂ ಕೊಡುತ್ತಿದ್ದುದೇಕೆ? 1963ರಲ್ಲಿ ಡಯಜೆಪಾಮ್ ಮಾರುಕಟ್ಟೆಗೆ ಬಂದ ಮೇಲೆ ಹಿಂದಿನ ರಾತ್ರಿ ಒಂದು ಮಾತ್ರೆ ಕೊಡುವುದು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ರೂಢಿಯಾಯಿತು. ಅದರ ಹಿಂದಿನ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ರೂಢಿ ಎಂದರೆ, ಕೇಸ್ ಶೀಟಿನಲ್ಲಿ ಮೊದಲೇ ಬರೆದಿಟ್ಟ ಸಾಲಿಗೆ ಟಿಕ್ ಹಾಕಿದ ಹಾಗೆ. ಹೆದರಿದವರಿಗೂ ಹೆದರದವರಿಗೂ, 30ರ ಯುವಕನಿಗೂ 80ರ ಅಜ್ಜಿಗೂ ಅದೇ ಮಾತ್ರೆ ಹೋಗುತ್ತಿತ್ತು. ಅಮೆರಿಕದಲ್ಲಿ 1991ರಲ್ಲಿ ಮೊದಲ ಬಾರಿಗೆ ಸಿದ್ಧವಾದ ಬಿಯರ್ಸ್ ಪಟ್ಟಿ, ವೃದ್ಧರಿಗೆ ಯಾವ ಔಷಧಗಳನ್ನು ಕೊಡದಿರುವುದು ಮೇಲು ಎಂದು ಹೇಳುವ ಪಟ್ಟಿ, ಇಂದಿಗೂ ಬೆಂಜೋಡಯಜೆಪೀನ್‌ಗಳನ್ನು ಆದಷ್ಟು ದೂರವಿಡಿ ಎನ್ನುತ್ತದೆ. ಯುರೋಪಿನ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಆಪರೇಷನ್ನಿಗೆ ಮುಂಚೆ ಇವನ್ನು ವಾಡಿಕೆಯಾಗಿ ಕೊಡಬೇಡಿ ಎಂದು ಹೇಳುವಾಗಲೇ, ತೀವ್ರ ಆತಂಕವಿರುವ ರೋಗಿಗಳನ್ನು ಅದರಿಂದ ಹೊರಗಿಟ್ಟಿತು. ನಿಮ್ಮ ವೈದ್ಯರು ಬಳಸಿದ ‘ವಾಡಿಕೆಯಂತೆ’ ಎಂಬ ಪದವನ್ನು ದಯವಿಟ್ಟು ಇನ್ನೊಮ್ಮೆ ಗಮನಿಸಿ. ಮೊದಲು, ಬೇಡವಾಗಿದ್ದರೆ ಕಾರಣ ಬರೆಯಬೇಕಿತ್ತು. ಈಗ, ಬೇಕಾಗಿದ್ದರೆ ಕಾರಣ ಬರೆಯಬೇಕು. ಮಾರ್ಗಸೂಚಿ ಬದಲಿಸಿರುವುದು ಇಷ್ಟನ್ನು. ಅದು ವೈದ್ಯರ ಕೈ ಕಟ್ಟುವುದಿಲ್ಲ.

ಇಂಥ ಲಿಖಿತ ಮಾರ್ಗಸೂಚಿಯ ಅಗತ್ಯ ಏನೆಂಬುದನ್ನು ಥಿಯೇಟರಿನ ಒಂದು ಸಣ್ಣ ಸಂಗತಿಯಿಂದ ಹೇಳುತ್ತೇನೆ. ಮಿಡಾಜೋಲಮ್ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂ, ಇನ್ನೊಂದರಲ್ಲಿ ಪ್ರತಿ ಮಿಲಿಲೀಟರಿಗೆ 5 ಮಿಲಿಗ್ರಾಂ. ಅರವತ್ತು ದಾಟಿದವರಿಗೆ ಶಿಫಾರಸಾಗಿರುವ ಆರಂಭದ ಪ್ರಮಾಣ ಅರ್ಧದಿಂದ 1 ಮಿಲಿಗ್ರಾಂ, ಒಟ್ಟು ಸೇರಿ ಮೂರೂವರೆ ಮಿಲಿಗ್ರಾಂ ಮೀರುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಸಾಂದ್ರವಾದ ಔಷಧದಲ್ಲಿ ಅರ್ಧ ಮಿಲಿಗ್ರಾಂ ಎಂದರೆ ಮಿಲಿಲೀಟರಿನ ಹತ್ತನೇ ಒಂದು ಭಾಗ, ಸಿರಿಂಜಿನ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು. ಅದಕ್ಕಾಗಿ ನಾವು ಅದನ್ನು ಸಲೈನ್‌ನಲ್ಲಿ ತೆಳುಮಾಡಿ, ಸಿರಿಂಜಿನ ಮೇಲೆ ಔಷಧದ ಹೆಸರು ಮತ್ತು ಪ್ರಮಾಣದ ಚೀಟಿ ಅಂಟಿಸಿ, ಅರ್ಧ ಮಿಲಿಗ್ರಾಂ ಕೊಟ್ಟು ಕಾಯುತ್ತೇವೆ. ಈ ಕಾಯುವುದೇ ಕಷ್ಟದ ಕೆಲಸ. ವಯಸ್ಸಾದವರಲ್ಲಿ ರಕ್ತಸಂಚಾರ ನಿಧಾನವಾಗಿರುವುದರಿಂದ ಔಷಧದ ಪೂರ್ಣ ಪರಿಣಾಮ ಕಾಣಲು ಕೆಲವು ನಿಮಿಷಗಳೇ ಬೇಕು. ಇನ್ನೂ ಮಂಪರು ಬಂದಿಲ್ಲವಲ್ಲ ಎಂದು ಆತುರದಲ್ಲಿ ಮತ್ತಷ್ಟು ಕೊಟ್ಟರೆ ಎರಡೂ ಒಟ್ಟಿಗೆ ಕೆಲಸ ಮಾಡಿ ಉಸಿರಾಟ ಕುಗ್ಗುತ್ತದೆ, ಜೊತೆಗೆ ಫೆಂಟನಿಲ್‌ನಂಥ ನೋವಿನ ಔಷಧವೂ ಹೋಗಿದ್ದರೆ ಅಪಾಯ ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿ 2008ರಲ್ಲಿ ರೋಗಿಗಳ ಸುರಕ್ಷತಾ ಸಂಸ್ಥೆಯು ಮಿಡಾಜೋಲಮ್ ಪ್ರಮಾಣ ಮೀರಿದ ಪ್ರಕರಣಗಳ ಕಾರಣಕ್ಕೆ ಎಚ್ಚರಿಕೆ ಹೊರಡಿಸಿ, ಸಾಂದ್ರವಾದ ಔಷಧವನ್ನು ಎಲ್ಲ ವಾರ್ಡುಗಳಲ್ಲಿ ಇಡದೆ ಅರಿವಳಿಕೆ, ತೀವ್ರ ನಿಗಾ ಮುಂತಾದ ಕೆಲವೇ ವಿಭಾಗಗಳಿಗೆ ಸೀಮಿತಗೊಳಿಸಿ ಎಂದಿತು. ಒಬ್ಬೊಬ್ಬ ವೈದ್ಯರ ಜಾಗರೂಕತೆಯನ್ನೇ ನೆಚ್ಚಿಕೊಳ್ಳದೆ ಕಪಾಟಿನಲ್ಲಿ ಏನಿರಬೇಕು ಎಂಬುದನ್ನೇ ಬದಲಿಸುವ ಕ್ರಮ ಅದು, ಮಾರ್ಗಸೂಚಿ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಇಂಥ ಕಡೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ಎಲ್ಲರಿಗೂ ಕೊಟ್ಟರೆ ರೋಗಿಗಳಿಗೆ ನಿಜಕ್ಕೂ ಹಿತವಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿದ್ದಾರೆ. ಫ್ರಾನ್ಸಿನ ಐದು ಬೋಧನಾ ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಲೊರಾಜೆಪಾಮ್ ಪಡೆದವರ ಒಟ್ಟಾರೆ ತೃಪ್ತಿ ಪಡೆಯದವರಿಗಿಂತ ಹೆಚ್ಚಿರಲಿಲ್ಲ, ಚೇತರಿಸಿಕೊಳ್ಳುವುದು ಮಾತ್ರ ತಡವಾಯಿತು. ಜರ್ಮನಿಯಲ್ಲಿ 65ರಿಂದ 80 ವಯಸ್ಸಿನವರಿಗೆ ಮಿಡಾಜೋಲಮ್ ಮಾತ್ರೆಯನ್ನೂ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ಹೋಲಿಸಿದಾಗಲೂ ತೃಪ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇವು ಎಲ್ಲ ಬಗೆಯ ರೋಗಿಗಳ ಸರಾಸರಿ ಲೆಕ್ಕ. ಹೆದರಿಕೆಯಿಂದ ಆಪರೇಷನ್ನನ್ನೇ ನಿರಾಕರಿಸುತ್ತಿರುವ ನಿಮ್ಮ ತಂದೆಯಂಥವರಿಗೆ ಆ ಸರಾಸರಿಯನ್ನು ಹಾಗೆಯೇ ಅನ್ವಯಿಸುವುದು ನನಗೆ ಸರಿ ಕಾಣುವುದಿಲ್ಲ.

ದೊಡ್ಡಮ್ಮನವರ ವಿಷಯ ಸ್ವಲ್ಪ ವಿವರವಾಗಿ ನೋಡಬೇಕಾದದ್ದು, ಏಕೆಂದರೆ ಮನೆಯವರಿಗೆ ಇಷ್ಟೊಂದು ದಿಗಿಲು ಹುಟ್ಟಿಸುವ ಸಂಗತಿ ಇನ್ನೊಂದಿಲ್ಲ. ನಿನ್ನೆಯವರೆಗೆ ಮೊಮ್ಮಕ್ಕಳ ಹೆಸರು ಕರೆಯುತ್ತಿದ್ದವರು ರಾತ್ರಿ ಡ್ರಿಪ್ಪಿನ ನಳಿಕೆ ಕಿತ್ತು, ಗೋಡೆಯ ಮೇಲೆ ಯಾರೋ ಇದ್ದಾರೆಂದು ಕೂಗುತ್ತಾರೆ. ಹಳ್ಳಿಗಳಲ್ಲಿ ಇದನ್ನು ಸನ್ನಿ ಎನ್ನುತ್ತಾರೆ. ಇದು ಹುಚ್ಚಲ್ಲ, ಬಹುತೇಕರಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಆದರೂ ಹಗುರವಾಗಿ ಕಾಣುವಂಥದ್ದಲ್ಲ. ಬೆಂಜೋಡಯಜೆಪೀನ್ ಇದಕ್ಕೆ ಒಂದು ಕಾರಣವಾಗಬಲ್ಲದು, ಒಂದೇ ಕಾರಣವಲ್ಲ. ಮೂಳೆ ಮುರಿತದ ನೋವು, ಆಪರೇಷನ್ನಿಗೆ ಕಾಯುವಾಗಿನ ಉಪವಾಸ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ಸೋಂಕು, ವಾರ್ಡಿನ ಗದ್ದಲದಲ್ಲಿ ಹಾಳಾದ ನಿದ್ದೆ, ಮನೆಯಲ್ಲೇ ಬಿಟ್ಟುಬಂದ ಕನ್ನಡಕ, ಕಿವಿಗೆ ಹಾಕದ ಯಂತ್ರ, ಇವೆಲ್ಲ ಸೇರಿ ವಯಸ್ಸಾದ ಮಿದುಳನ್ನು ಅಲುಗಿಸುತ್ತವೆ. ಚೀನಾದಲ್ಲಿ ಸೊಂಟದ ಮೂಳೆ ಮುರಿದ, 65 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ 950 ಜನರಲ್ಲಿ ಅರ್ಧದಷ್ಟು ಜನರಿಗೆ ಮಂಪರಿನ ಔಷಧವನ್ನೇ ಕೊಡದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಉಳಿದವರಿಗೆ ಪೂರ್ಣ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿ ನೋಡಿದಾಗ, ಮೊದಲ ಗುಂಪಿನ ನೂರಕ್ಕೆ 6.2 ಜನರಿಗೂ ಎರಡನೆಯ ಗುಂಪಿನ 5.1 ಜನರಿಗೂ ಸನ್ನಿ ಕಂಡಿತು. ಅಷ್ಟು ಅಂತರಕ್ಕೆ ಸಂಖ್ಯಾಶಾಸ್ತ್ರದಲ್ಲಿ ಅರ್ಥವಿಲ್ಲ. ಮಂಪರಿನ ಔಷಧ ಒಂದು ಹನಿಯೂ ಹೋಗದವರಿಗೂ ಸನ್ನಿ ಬಂತು ಎಂಬುದನ್ನು ನಿಮ್ಮ ಸಂಬಂಧಿಕರಿಗೆ ತಿಳಿಸಿ. ದೊಡ್ಡಮ್ಮನವರ ಸ್ಥಿತಿಗೆ ಒಂದು ಇಂಜೆಕ್ಷನ್ನನ್ನೇ ಹೊಣೆ ಮಾಡಲು ಬರುವುದಿಲ್ಲ.

ಮಾರ್ಗಸೂಚಿಯ ಪರಿಣಾಮವನ್ನೇ ನೇರವಾಗಿ ಅಳೆದ ದೊಡ್ಡ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಕೆನಡಾ ಮತ್ತು ಅಮೆರಿಕದ 20 ಆಸ್ಪತ್ರೆಗಳು ಕೆಲವು ವಾರ ಹೃದಯದ ಆಪರೇಷನ್ ವೇಳೆ ಬೆಂಜೋಡಯಜೆಪೀನ್ ಬಳಸದಿರುವುದನ್ನೇ ನಿಯಮ ಮಾಡಿಕೊಂಡವು, ನಂತರದ ಕೆಲವು ವಾರ ಬಳಸುವುದನ್ನೇ ನಿಯಮ ಮಾಡಿಕೊಂಡವು, ಹೀಗೆ ಅದಲುಬದಲು ಮಾಡುತ್ತ 19,000ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದವು. ಎರಡೂ ಅವಧಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ವೈದ್ಯರು ಆಯಾ ನಿಯಮದಂತೆ ನಡೆದುಕೊಂಡರು. ಅಂದರೆ ಆಸ್ಪತ್ರೆಯ ತೀರ್ಮಾನಕ್ಕೆ ವೈದ್ಯರ ಕೈಯನ್ನು ತಿರುಗಿಸುವ ಶಕ್ತಿ ನಿಜಕ್ಕೂ ಇದೆ. ಸನ್ನಿಯ ಪ್ರಮಾಣ ಮಾತ್ರ ಬಳಸದ ಅವಧಿಯಲ್ಲಿ ನೂರಕ್ಕೆ 14, ಬಳಸಿದ ಅವಧಿಯಲ್ಲಿ 14.9 ಇತ್ತು, ಖಚಿತವಾದ ವ್ಯತ್ಯಾಸ ಎಂದು ಹೇಳಲು ಅದು ಸಾಲಲಿಲ್ಲ. ಹೃದಯದ ಆಪರೇಷನ್ ಬೇರೆ, ಹರ್ನಿಯಾ ಬೇರೆ. ಆದರೂ ನಾನು ಇದರಿಂದ ಕಲಿತದ್ದು, ವೃದ್ಧರಿಗೆ ವಾಡಿಕೆಯಾಗಿ ಕೊಡದಿರುವುದು ಒಳ್ಳೆಯ ಅಭ್ಯಾಸವೇ ಹೊರತು, ಕಾರಣವಿದ್ದು ಎಚ್ಚರದಿಂದ ಕೊಟ್ಟ ಸಣ್ಣ ಪ್ರಮಾಣವನ್ನು ವಿಷದಂತೆ ಕಾಣಬೇಕಿಲ್ಲ ಎಂಬುದು.

ಕೆಲವರಿಗೆ ಈ ಔಷಧ ಬೇಕೇ ಬೇಕು. ನಮ್ಮ ಮಲೆನಾಡಿನಲ್ಲಿ ಹೇಳಲೇಬೇಕಾದ ಉದಾಹರಣೆ, ದಿನವೂ ಮದ್ಯ ಸೇವಿಸುತ್ತಿದ್ದು ಆಸ್ಪತ್ರೆಗೆ ಸೇರಿದ ಕೂಡಲೇ ಅದು ನಿಂತುಹೋದವರದ್ದು. ಅವರಿಗೆ ಎರಡು ಮೂರು ದಿನಗಳಲ್ಲಿ ಬರುವ ನಡುಕ ಮತ್ತು ಸನ್ನಿಗೆ ಬೆಂಜೋಡಯಜೆಪೀನ್ ಚಿಕಿತ್ಸೆಯೇ ಹೊರತು ಕಾರಣವಲ್ಲ. ತೋಟದ ಯಜಮಾನರಾಗಲಿ ಕೆಲಸಗಾರರಾಗಲಿ, ಸಂಕೋಚದಿಂದ ಮುಚ್ಚಿಡುವುದರಿಂದ ಆಗುವ ಹಾನಿ ಒಂದೇ. ತಂದೆಯವರಿಗೆ ಆ ಅಭ್ಯಾಸವಿದ್ದರೆ ಅದನ್ನೂ ಹೇಳಿ.

ಈಗ ನಿಮ್ಮ ತಂದೆಯವರ ಮುಂದಿರುವ ದಾರಿಗಳು. ಮೊದಲನೆಯದು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಂಪರಿಲ್ಲದೆ ಮಾಡುವುದು. ಅವರ ಕಣ್ಣಿಗೆ ಗಾಯ ಕಾಣದಂತೆ ಎದೆಯ ಮೇಲೆ ಬಟ್ಟೆಯ ಪರದೆ ಇರುತ್ತದೆ. ಎಳೆದಂತೆ, ಒತ್ತಿದಂತೆ ಅನುಭವವಾಗಬಹುದು, ಕೊಯ್ಯುವ ನೋವಿರುವುದಿಲ್ಲ. ಬಿ.ಪಿ. ಇಳಿಯುವುದು ಮತ್ತು ಆಮೇಲೆ ಕೆಲವು ಗಂಟೆ ಮೂತ್ರ ಕಟ್ಟುವುದು ಇದರ ತೊಂದರೆಗಳು, ಪ್ರಾಸ್ಟೇಟ್ ಆಪರೇಷನ್ ಆಗಿರುವವರಾದ್ದರಿಂದ ಎರಡನೆಯದನ್ನು ಮೊದಲೇ ತಿಳಿಸಿರಬೇಕು. ಆಪರೇಷನ್ ಹೊತ್ತಿಗೆ ಹೆಡ್‌ಫೋನಿನಲ್ಲಿ ಇಷ್ಟದ ಹಾಡು ಕೇಳಲು ಬಿಡುತ್ತೀರಾ ಎಂದು ಕೇಳಿ, ಬಹಳಷ್ಟು ಕಡೆ ಒಪ್ಪುತ್ತಾರೆ. ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುನ್ನ ಸಂಗೀತವನ್ನೂ ಮಿಡಾಜೋಲಮ್ ಅನ್ನೂ ಹೋಲಿಸಿದ ಒಂದು ಅಧ್ಯಯನದಲ್ಲಿ ಆತಂಕ ಇಳಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು, ಆದರೆ ಹೆಚ್ಚು ತೃಪ್ತರಾದವರು ಮಿಡಾಜೋಲಮ್ ಪಡೆದವರೇ ಎಂಬುದನ್ನೂ ಹೇಳಬೇಕು.

ನಾನು ಅವರ ವೈದ್ಯನಾಗಿದ್ದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮಾತನಾಡಿಸಿಯೂ ಗಾಬರಿ ಇಳಿಯದಿದ್ದರೆ ಮಾತ್ರ ಅರ್ಧ ಮಿಲಿಗ್ರಾಂ ಮಿಡಾಜೋಲಮ್ ಕೊಡುವ ದಾರಿಯ ಕಡೆ ಒಲಿಯುತ್ತಿದ್ದೆ. ದಿನವೂ ಆಲ್ಪ್ರಜೋಲಮ್ ನುಂಗುವವರಿಗೆ ಅಷ್ಟರಿಂದ ಏನೂ ಆಗದಿರಬಹುದು, ಹಾಗೆಂದು ಪ್ರಮಾಣ ಏರಿಸುತ್ತಾ ಹೋಗುವುದು ಸಲ್ಲದು. ಕೆಲವು ವೃದ್ಧರು ಈ ಔಷಧದಿಂದ ಶಾಂತರಾಗುವ ಬದಲು ಕೆರಳಿ ಏಳಲು ಹೋಗುವುದೂ ಉಂಟು. ಹೀಗಾಗಿ ಕೆಲವು ವೈದ್ಯರು ಡೆಕ್ಸ್‌ಮೆಡಿಟೊಮಿಡಿನ್ ಎಂಬ ಬೇರೆ ಗುಂಪಿನ ಮಂಪರಿನ ಔಷಧವನ್ನು ಆಯ್ದುಕೊಳ್ಳುತ್ತಾರೆ. ಅದರಲ್ಲಿ ರೋಗಿಯನ್ನು ಕರೆದರೆ ಎಚ್ಚರಗೊಳ್ಳುವಂಥ ನಿದ್ದೆ ಬರುತ್ತದೆ, ಉಸಿರಾಟ ಅಷ್ಟಾಗಿ ಕುಗ್ಗುವುದಿಲ್ಲ, ಆದರೆ ನಾಡಿ ಮತ್ತು ಬಿ.ಪಿ. ಇಳಿಯುತ್ತವೆ; ಬೆನ್ನಿನ ಇಂಜೆಕ್ಷನ್ನಿನಿಂದಲೂ ಬಿ.ಪಿ. ಇಳಿಯುವುದರಿಂದ, ನಾಡಿಯನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್‌ನಂಥ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಎಚ್ಚರ ಬೇಕು. ಹಾಲಿನ ಬಣ್ಣದ ಪ್ರೊಪೊಫಾಲ್ ಅನ್ನು ಸಣ್ಣ ಪ್ರಮಾಣದಲ್ಲಿ ಹರಿಸುವುದು ಇನ್ನೊಂದು ಕ್ರಮ. ಬೇಗ ಎಚ್ಚರವಾಗುತ್ತದೆ, ಆದರೆ ಸ್ವಲ್ಪ ಹೆಚ್ಚಾದರೂ ಮಂಪರು ಆಳವಾಗಿ ಉಸಿರಾಟದ ದಾರಿ ಮುಚ್ಚಿಕೊಳ್ಳಬಹುದು. ಏನನ್ನೇ ಕೊಟ್ಟರೂ ಆಮ್ಲಜನಕ, ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಹಾಗೂ ಆಪರೇಷನ್ ಮಾಡುವವರಿಗಿಂತ ಬೇರೆಯಾದ ಒಬ್ಬರು ತಲೆಯ ಬಳಿ ಪೂರ್ತಿ ಸಮಯ ನಿಂತಿರಬೇಕು. ಇವೆಲ್ಲಕ್ಕೂ ತಂದೆ ಒಪ್ಪದಿದ್ದರೆ ಪೂರ್ಣ ಅರಿವಳಿಕೆ ಇದ್ದೇ ಇದೆ. ಅವರ ಹೃದಯ, ಶ್ವಾಸಕೋಶ ಚೆನ್ನಾಗಿದ್ದರೆ ಅದು ನಿಷಿದ್ಧವಲ್ಲ.

ಈ ಒಂದು ಕಾರಣಕ್ಕಾಗಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ. ಅಲ್ಲಿಯೂ ವೃದ್ಧರ ವಿಷಯದಲ್ಲಿ ಇಂಥದ್ದೇ ಎಚ್ಚರಿಕೆಯ ಮಾತು ಕೇಳುವ ಸಾಧ್ಯತೆ ಹೆಚ್ಚು. ಬದಲಿಗೆ ಅರಿವಳಿಕೆ ತಪಾಸಣೆಗೆ ಇನ್ನೊಮ್ಮೆ ಸಮಯ ಕೇಳಿ, ತಂದೆಯವರನ್ನೇ ಕೂರಿಸಿ, ಅವರ ಹೆದರಿಕೆಯನ್ನು ಅವರ ಬಾಯಿಂದಲೇ ಹೇಳಿಸಿ. ಕಣ್ಣಿಗೆ ಕಾಣುವುದೋ, ಸದ್ದೋ, ನೋವಾದೀತೆಂಬ ಅನುಮಾನವೋ, ಯಾವುದೆಂದು ತಿಳಿದರೆ ಅದಕ್ಕೆ ತಕ್ಕ ಉಪಾಯ ಬೇರೆ ಬೇರೆ ಇರುತ್ತದೆ. ಆತಂಕ ತೀವ್ರವಾಗಿದ್ದರೆ ನಿಮ್ಮ ಮಾರ್ಗಸೂಚಿಯಲ್ಲಿ ಅದಕ್ಕೆ ಏನು ಅವಕಾಶವಿದೆ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ. ಆ ಪ್ರಶ್ನೆ ವೈದ್ಯರನ್ನು ಅನುಮಾನಿಸಿದಂತಾಗುವುದಿಲ್ಲ.

ಆಪರೇಷನ್ ದಿನ ಕನ್ನಡಕ, ಕಿವಿಯ ಯಂತ್ರ ವಾರ್ಡಿನಲ್ಲಿರಲಿ, ರಾತ್ರಿ ಪರಿಚಯದ ಮುಖವೊಂದು ಪಕ್ಕದಲ್ಲಿರಲಿ. ರಾತ್ರಿಯ ಮಾತ್ರೆ ತಪ್ಪಿಹೋಗದಂತೆ ನರ್ಸಿಗೆ ನೆನಪಿಸಿ, ಹಾಗೆಯೇ ಅವರು ಕೊಟ್ಟ ಮೇಲೆ ಮನೆಯ ಸ್ಟ್ರಿಪ್ಪಿನಿಂದ ಮತ್ತೊಂದು ಕೊಡಬೇಡಿ. ಡಿಸ್ಚಾರ್ಜ್ ಕಾಗದದಲ್ಲಿ ಟ್ರಮಡಾಲ್‌ನಂಥ ನೋವಿನ ಮಾತ್ರೆ ಇದ್ದರೆ ಆಲ್ಪ್ರಜೋಲಮ್ ಜೊತೆ ಸೇರಿ ಮಂಪರು ಹೆಚ್ಚಾಗುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದಾರು. ಬೇರೆ ನೋವಿನ ಮಾತ್ರೆ ಸಾಧ್ಯವೇ ಎಂದು ಅಲ್ಲೇ ಕೇಳಿ. ಆರು ವರ್ಷದ ನಿದ್ದೆ ಮಾತ್ರೆಯನ್ನು ಬಿಡಿಸುವ ಯೋಚನೆ ಒಳ್ಳೆಯದೇ, ಆದರೆ ಅದನ್ನು ಗಾಯ ಪೂರ್ತಿ ಮಾಗಿದ ಮೇಲೆ ನಿಮ್ಮ ವೈದ್ಯರ ನಿಗಾದಲ್ಲಿ ಶುರುಮಾಡಿ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಕಾಲುಭಾಗದಂತೆ ಇಳಿಸುತ್ತಾ, ಕೊನೆಯ ಹಂತದಲ್ಲಿ ಇನ್ನೂ ನಿಧಾನವಾಗಿ ಹೋಗುತ್ತೇವೆ. ನಡುವೆ ನಿದ್ದೆಗೇಡು ಹೆಚ್ಚಾದರೆ ಅದೇ ಪ್ರಮಾಣದಲ್ಲಿ ಕೆಲವು ದಿನ ನಿಂತು ಮುಂದುವರಿಯಬಹುದು.